ಜೇಬಿನೊಳಗಿನ ಕಣಜ

ನಮ್ಮ ದ್ವಾರಕೆಯ ವಾಚನಾಲಯಕ್ಕೆ ಬರುವ ಒಂದೇ ಪತ್ರಿಕೆಯನ್ನು ಸಂಜೆಯೊಳಗೆ ಹತ್ತಾರು ಮಂದಿ ಓದುತ್ತಾರೆ. ಪ್ರತಿಯೊಬ್ಬರಿಗೂ ಬೇರೆ ಪ್ರತಿ ತರಿಸುವ ಪದ್ಧತಿಯಿಲ್ಲ. ಆದರೆ ಅದೇ ಮೇಜಿನ ಸುತ್ತ ಕುಳಿತು ಮೊಬೈಲಿನಲ್ಲಿ ಒಂದೇ ಪಾಠವನ್ನು ನೋಡುವಾಗ, ಒಬ್ಬೊಬ್ಬರೂ ಅದನ್ನು ದೂರದಿಂದ ಹೊಸದಾಗಿ ತರಿಸಿಕೊಳ್ಳುತ್ತೇವೆ. ಇದನ್ನು ತಪ್ಪಿಸುವ ಬಗೆಯನ್ನು ಇಲ್ಲಿ ವಿಚಾರಿಸೋಣ.

ಮಕ್ಕಳ ಕನ್ನಡ ಪಾಠದ ಒಂದು ವಿಡಿಯೊ 300 ಎಂ.ಬಿ. ಇದೆಯೆನ್ನೋಣ. ಹನ್ನೆರಡು ಮಕ್ಕಳು ಪ್ರತ್ಯೇಕವಾಗಿ ಇಳಿಸಿಕೊಂಡರೆ 3,600 ಎಂ.ಬಿ. ಟವರಿನಿಂದ ಬರಬೇಕು. ಟವರಿನ ಸಾಮರ್ಥ್ಯ ಎಲ್ಲರಿಗೂ ಹಂಚಿಹೋಗುವುದರಿಂದ ಎಲ್ಲರ ಕೆಲಸವೂ ನಿಧಾನವಾಗುತ್ತದೆ. ಒಬ್ಬನು ಇಳಿಸಿಕೊಂಡು ಉಳಿದವರಿಗೆ ನೇರವಾಗಿ ದಾಟಿಸಿದರೆ ಟವರಿನ ಹೊರೆ 300 ಎಂ.ಬಿ. ಮಾತ್ರ. ಆಂಡ್ರಾಯ್ಡ್ ಫೋನುಗಳ ಕ್ವಿಕ್ ಶೇರ್, ಆಪಲ್ ಫೋನುಗಳ ಏರ್‌ಡ್ರಾಪ್ ಈ ಕೆಲಸವನ್ನೇ ಮಾಡುತ್ತವೆ. ಬ್ಲೂಟೂತಿನಿಂದ ಹತ್ತಿರದ ಫೋನನ್ನು ಗುರುತಿಸಿ, ವೈಫೈ ಅಲೆಗಳ ಮೇಲೆ ಕಡತವನ್ನು ಕಳುಹಿಸುತ್ತವೆ. ಇದಕ್ಕೆ ಡೇಟಾ ಖರ್ಚಿಲ್ಲ.

ಹಾಗಾದರೆ ಜೇಬಿನ ಕಣಜದಲ್ಲಿ ಏನನ್ನು ತುಂಬಿಡಬೇಕು? ಭಾಷೆಯಲ್ಲಿ ಕೆಲವೇ ಪದಗಳು ಮತ್ತೆ ಮತ್ತೆ ಬರುತ್ತವೆಂದು ಅಮೆರಿಕದ ವಿದ್ವಾಂಸ ಜಿಪ್ಫ್ ತೋರಿಸಿದ್ದನು. ಅಂತರಜಾಲದ ಬೇಡಿಕೆಯೂ ಬಹುಮಟ್ಟಿಗೆ ಹೀಗೆಯೇ ಎಂದು 1999ರಲ್ಲಿ ಸಂಶೋಧಕರು ಕಂಡುಕೊಂಡರು. ಆದಕಾರಣ ಎಲ್ಲವನ್ನೂ ಕೂಡಿಡಬೇಕಾಗಿಲ್ಲ. ಹೆಚ್ಚು ಮಂದಿ ಕೇಳುವ ಕೆಲವನ್ನು ಹತ್ತಿರದಲ್ಲಿಟ್ಟರೆ ಬಹುಪಾಲು ಬೇಡಿಕೆ ಅಲ್ಲಿಯೇ ತೀರುತ್ತದೆ. ಈ ತತ್ತ್ವವನ್ನೇ ಹಿಡಿದು, ಜನಪ್ರಿಯ ವಿಡಿಯೊಗಳನ್ನು ಬಳಕೆದಾರರ ಫೋನುಗಳಲ್ಲಿಯೇ ಹಂಚಿಡುವ ಯೋಜನೆಯನ್ನು 2013ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ವಿವರಿಸಿದರು.

ನಮಗೆ ಒದಗುವ ಉತ್ತಮ ಉದಾಹರಣೆ 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ. ಕಿವಿಕ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ಅದನ್ನು ಒಂದೇ ಕಡತವಾಗಿ ಇಟ್ಟುಕೊಂಡು ಜಾಲವಿಲ್ಲದೆಯೇ ಓದಬಹುದು. ಅದನ್ನು ಇತರರಿಗೆ ಕೊಡಲು ಪರವಾನಗಿಯೂ ಉಂಟು.

ಕೆಲವು ಎಚ್ಚರಿಕೆಗಳು ಅವಶ್ಯ. ಹಂಚುವ ಫೋನಿನ ಬ್ಯಾಟರಿ ಸವೆಯುತ್ತದೆ. ಸದಾ ಒಬ್ಬರ ಮೇಲೆಯೇ ಹೊರೆ ಹಾಕಬಾರದು. ಕೂಡಿಟ್ಟದ್ದು ಹಳತಾಗುತ್ತದೆ, ದಿನಾಂಕ ನೋಡಬೇಕು. ಅಪರಿಚಿತರ ಕಡತವನ್ನು ಸ್ವೀಕರಿಸಬಾರದು. ಹಂಚುವ ಸಾಧನವೂ ನಂಬಿಕೆಯದಾಗಿರಬೇಕು: 2020ರ ಜೂನ್ 29ರಂದು ಭಾರತ ಸರಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಇಂಥ ಕೆಲಸಕ್ಕೆ ಹೆಸರಾಗಿದ್ದ ಶೇರ್‌ಇಟ್ ಕೂಡ ಸೇರಿತ್ತು. ಲೇಖಕರ ಹಕ್ಕುಳ್ಳ ಪುಸ್ತಕವನ್ನು ಅನುಮತಿಯಿಲ್ಲದೆ ಹಂಚುವುದು ಕಳವೇ ಸರಿ.

ದಿನದ ಡೇಟಾ ಮುಗಿದ ಮನೆಯ ಮಗುವಿಗೆ ಪಾಠ ಅಲ್ಲಿಗೇ ನಿಲ್ಲುತ್ತದೆ. ಪಕ್ಕದಲ್ಲಿ ಕುಳಿತವರ ಫೋನಿನಲ್ಲಿ ಅದೇ ಪಾಠ ಇದ್ದೂ ಹೀಗಾಗುವುದು ತರವಲ್ಲ. ಓದಿದ ಪತ್ರಿಕೆಯನ್ನು ಮೇಜಿನ ಮೇಲೆ ಬಿಟ್ಟೇಳುವ ನಾವು, ಇಳಿಸಿಕೊಂಡ ಪಾಠವನ್ನೂ ಹಾಗೆಯೇ ಕೊಟ್ಟೇಳೋಣ.