ವಿಕಿರಣ ವೈದ್ಯಕೀಯ: ಯಾರು ಯಾವ ವೈದ್ಯರು?

ಭಾರತದಲ್ಲಿ ವಿಕಿರಣಕ್ಕೆ ಸಂಬಂಧಿಸಿದ ಸ್ನಾತಕೋತ್ತರ ಎಂ.ಡಿ. ಪದವಿಗಳು ಮುಖ್ಯವಾಗಿ ಮೂರು; ಪ್ರತಿಯೊಂದರ ಅವಧಿ 3 ವರ್ಷ. ರೇಡಿಯೋ ಡಯಾಗ್ನೋಸಿಸ್ ವೈದ್ಯರು ಎಕ್ಸ್-ರೇ, ಸಿ.ಟಿ., ಎಂ.ಆರ್.ಐ. ಚಿತ್ರಗಳನ್ನು ಓದಿ ರೋಗ ಗುರುತಿಸುತ್ತಾರೆ. ಎಂ.ಆರ್.ಐ. ಮತ್ತು ಅಲ್ಟ್ರಾಸೌಂಡ್‌ನಲ್ಲಿ ಅಯಾನೀಕರಿಸುವ ವಿಕಿರಣವೇ ಇಲ್ಲ; ಪರೀಕ್ಷೆಯಲ್ಲಿ ಅಭ್ಯರ್ಥಿಗಳು ಎಡವುವುದು ಇಲ್ಲಿಯೇ. ರೇಡಿಯೇಷನ್ ಆಂಕಾಲಜಿ ವೈದ್ಯರು ಲೀನಿಯರ್ ಆಕ್ಸಲರೇಟರ್ ಅಥವಾ ಕೋಬಾಲ್ಟ್-60 ಯಂತ್ರದಿಂದ ಕ್ಯಾನ್ಸರ್‌ಗೆ ಚಿಕಿತ್ಸೆ ನೀಡುತ್ತಾರೆ. ನ್ಯೂಕ್ಲಿಯರ್ ಮೆಡಿಸಿನ್ ವೈದ್ಯರು ಥೈರಾಯ್ಡ್ ಕಾಯಿಲೆಗೆ ಅಯೋಡಿನ್-131, ಮೂಳೆ ಸ್ಕ್ಯಾನ್‌ಗೆ ಟೆಕ್ನೀಷಿಯಂ-99ಎಂ ಬಳಸುತ್ತಾರೆ.

ಮೆಡಿಕಲ್ ಫಿಸಿಸಿಸ್ಟ್ ವೈದ್ಯರಲ್ಲ, ಭೌತವಿಜ್ಞಾನಿ. ಆದರೂ ರೋಗಿಗೆ ತಲುಪುವ ವಿಕಿರಣದ ಲೆಕ್ಕ ಅವರ ಕೈಯಲ್ಲಿದೆ. ಆಸ್ಪತ್ರೆಗಳು ಚಿಕಿತ್ಸಾ ಯಂತ್ರ ಕೊಂಡು ಇಂಥ ತಜ್ಞರನ್ನು ನೇಮಿಸದಿದ್ದರೆ ಕ್ಯಾನ್ಸರ್ ರೋಗಿಗೆ ಪ್ರಯೋಜನವಿಲ್ಲ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ (ಕ್ಯಾನ್ಸರ್) ಸಂಸ್ಥೆಗೆ ಜಿಲ್ಲೆಗಳಿಂದ ಹೋಗುವವರ ಕಷ್ಟ ಕಡಿಮೆಯಾಗಲು ತಜ್ಞರು ಜಿಲ್ಲೆಗಳಲ್ಲೂ ಇರಬೇಕು.

ವಿಕಿರಣ ಸುರಕ್ಷತೆಯ ನಿಯಂತ್ರಕ ಸಂಸ್ಥೆ: ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ಸ್ಥಾಪನೆ 1983ರ ನವೆಂಬರ್ 15, ಕೇಂದ್ರ ಕಚೇರಿ ಮುಂಬೈ. ವಿಕಿರಣ ಕ್ಷೇತ್ರದ ಸಿಬ್ಬಂದಿಗೆ ಮಿತಿ 5 ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್. ಯಾವುದೇ ಒಂದು ವರ್ಷದಲ್ಲಿ 30 ಮೀರುವಂತಿಲ್ಲ. ಸಿಬ್ಬಂದಿಗೆ ತಗಲುವ ವಿಕಿರಣವನ್ನು ಅಳೆಯುವ ಸಾಧನ ಟಿ.ಎಲ್.ಡಿ. (ಥರ್ಮೋಲ್ಯುಮಿನಿಸೆಂಟ್ ಡೋಸಿಮೀಟರ್) ಬ್ಯಾಡ್ಜ್. ಸಾರ್ವಜನಿಕರಿಗೆ ಮಿತಿ ವರ್ಷಕ್ಕೆ 1 ಮಿಲಿಸೀವರ್ಟ್.