ಒಂದು ಫಲಕದಿಂದ ಹತ್ತು ಸಾವಿರಕ್ಕೆ

ಶಾಲೆ ಕಾಲೇಜುಗಳ ವಿಜ್ಞಾನ ಪ್ರದರ್ಶನಗಳಲ್ಲಿ ವಿದ್ಯಾರ್ಥಿಗಳು ತಾವೇ ಕಟ್ಟಿದ ಎಲೆಕ್ಟ್ರಾನಿಕ್ ಉಪಕರಣಗಳನ್ನು ಇಟ್ಟಿರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಗಿಡದ ಬುಡದ ತೇವ ಆರಿದೊಡನೆ ನೀರು ಬಿಡುವ ಸಾಧನವೊಂದು, ತೊಟ್ಟಿ ತುಂಬಿದೊಡನೆ ಪಂಪನ್ನು ನಿಲ್ಲಿಸುವ ಸಾಧನವೊಂದು ಅಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತಿರುವುದು. ನಡುವೆ ತಂತಿಯೊಂದು ಸಡಿಲವಾಗುವುದೂ ಉಂಟು. ಪಕ್ಕದಲ್ಲಿಯೇ ನಿಂತ ವಿದ್ಯಾರ್ಥಿ ಅದನ್ನು ಬೆರಳಿನಿಂದ ಒತ್ತಿದರೆ ಸಾಧನ ಮತ್ತೆ ನಡೆಯುವುದು. ನೋಡಲು ಬಂದ ಹಿರಿಯರು ಮೆಚ್ಚಿಕೊಂಡು, "ಇದನ್ನೇ ಮಾಡಿ ಮಾರಬಾರದೇಕೆ?" ಎಂದು ಕೇಳುತ್ತಾರೆ. ಪ್ರಶ್ನೆ ಸುಲಭವಾಗಿದೆ, ಉತ್ತರ ಸುಲಭವಲ್ಲ. ಮಾರಿದ ಉಪಕರಣದ ಪಕ್ಕದಲ್ಲಿ ಅದನ್ನು ಕಟ್ಟಿದವನು ನಿಂತಿರುವುದಿಲ್ಲವಷ್ಟೆ!

ಬಟ್ಟೆ ಒಗೆಯುವ ಯಂತ್ರ, ವಿದ್ಯುತ್ ಮೀಟರು, ಮೋಟಾರು ಗಾಡಿ, ಇವುಗಳ ಒಡಲಿನಲ್ಲಿ ಇಂದು ಒಂದೊಂದು ಚಿಕ್ಕ ಗಣಕಯಂತ್ರ ಅಡಗಿ ಕುಳಿತಿರುತ್ತದೆ. ಇಂತಹ ಗಣಕವುಳ್ಳ ಉಪಕರಣವನ್ನು ಮೊದಲು ಮೇಜಿನ ಮೇಲೆ ಒಂದೇ ಒಂದು ಕಟ್ಟಿ ನೋಡುವರು. ಇದು ಮೂಲ ಮಾದರಿ. ಆ ಒಂದರಿಂದ ಮಾರುಕಟ್ಟೆಗೆ ಬರುವ ಸಾವಿರಾರರವರೆಗಿನ ದಾರಿ ಹೇಗಿರುವುದೆಂಬುದನ್ನು ಒಂದು ನಿಜವಾದ ಉದಾಹರಣೆಯಿಂದ ನೋಡೋಣ. ನಾವು ಆರಿಸಿಕೊಂಡಿರುವುದು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಹುಟ್ಟಿದ 'ರಾಸ್ಪ್‌ಬೆರಿ ಪೈ' ಎಂಬ ಅಂಗೈಯಗಲದ ಗಣಕಫಲಕವನ್ನು. ಅನೇಕ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಅದು ಇರುವುದರಿಂದ ಓದುಗರಲ್ಲಿ ಕೆಲವರಾದರೂ ಅದನ್ನು ಕೈಯಲ್ಲಿ ಹಿಡಿದಿರಬಹುದು.

ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಗಣಕವಿಜ್ಞಾನ ಕಲಿಯಲು ಬರುವವರ ಸಂಖ್ಯೆಯೂ ಅವರ ಕೈಪಳಗೂ ಇಳಿಯುತ್ತಿರುವುದನ್ನು ಕಂಡ ಎಬನ್ ಅಪ್ಟನ್ ಮತ್ತು ಅವರ ಸಂಗಡಿಗರು, ಹುಡುಗರು ಹೆದರದೆ ಬಿಚ್ಚಿ ಜೋಡಿಸಿ ಆಡಬಹುದಾದ ಅಗ್ಗದ ಗಣಕವೊಂದನ್ನು ಮಾಡಬೇಕೆಂದು ಬಯಸಿದರು. 2006ರ ಮೊದಲ ಮಾದರಿಯಲ್ಲಿ 'ಎಟಿಮೆಗಾ 644' ಎಂಬ ಸಾಮಾನ್ಯ ಮೈಕ್ರೊಕಂಟ್ರೋಲರನ್ನು ರಂಧ್ರಗಳಿರುವ ಹಲಗೆಯ ಮೇಲೆ ಕೂರಿಸಿ, ಕೈಯಿಂದಲೇ ತಂತಿಗಳನ್ನು ಬೆಸೆದಿದ್ದರು. ಅದು ನಮ್ಮ ಪ್ರದರ್ಶನದ ಸಾಧನದ ಜಾತಿಗೇ ಸೇರಿದುದು. 2009ರಲ್ಲಿ ಇದಕ್ಕಾಗಿ ಒಂದು ಧರ್ಮಾರ್ಥ ಸಂಸ್ಥೆ ಸ್ಥಾಪಿತವಾಯಿತು. ಮೊಬೈಲ್ ಫೋನಿನಂತಹ ಸಾಧನಗಳಿಗೆಂದು ತಯಾರಾಗುತ್ತಿದ್ದ ಹೆಚ್ಚು ಬಲಶಾಲಿಯಾದ ಚಿಪ್ಪನ್ನು ಆರಿಸಿಕೊಂಡು, 2011ರ ಆಗಸ್ಟ್‌ನಲ್ಲಿ 50 ಫಲಕಗಳನ್ನು ಮಾಡಿಸಿದರು. ಇವು ಮುಂದೆ ಮಾರಬೇಕಾದ ಫಲಕಕ್ಕಿಂತ ಬೇಕೆಂದೇ ದೊಡ್ಡದಾಗಿದ್ದುವು. ಒಳಗೆ ನಡೆಯುವುದನ್ನು ಅಳೆದು ನೋಡಲು ಹೆಚ್ಚಿನ ಮೊಳೆಗಳನ್ನು ಅವುಗಳ ಮೇಲೆ ಇಡಲಾಗಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ, ನಿಜವಾದ ಅಳತೆಯಲ್ಲಿಯೇ 25 ಫಲಕಗಳನ್ನು ಜೋಡಿಸಿ ಪರೀಕ್ಷಿಸಿದರು.

ಆಗ ತಪ್ಪೊಂದು ಹೊರಬಿದ್ದಿತು. ಗಣಕದ ಚಿಪ್ಪಿನ ಕೆಲವು ಕಾಲುಗಳನ್ನು ಮೇಲಿನ ವೋಲ್ಟೇಜಿಗೆ ಕಟ್ಟಿ ನಿಲ್ಲಿಸಬೇಕಾಗಿದ್ದಿತು, ನಕ್ಷೆಯಲ್ಲಿ ಅದು ಬಿಟ್ಟುಹೋಗಿದ್ದಿತು. ಇದರ ಪರಿಣಾಮವನ್ನು ತುಸು ವಿಚಾರಿಸಬೇಕು. ಚಿಪ್ಪಿನ ಕಾಲೊಂದು 'ಹೌದು' ಅಥವಾ 'ಅಲ್ಲ' ಎಂಬ ಎರಡರಲ್ಲೊಂದನ್ನು ಓದುವುದು. ಅದನ್ನು ಎಲ್ಲಿಗೂ ಜೋಡಿಸದಿದ್ದರೆ ಅದು ಎರಡೂ ಆಗದೆ ತೇಲಾಡುವುದು. ಪಕ್ಕದ ತಂತಿಯ ಪ್ರಭಾವ, ಗಾಳಿಯ ತೇವ, ಚಿಪ್ಪಿನ ಬಿಸಿ, ಯಾವುದಾದರೂ ಅದನ್ನು ಅತ್ತ ಇತ್ತ ಎಳೆಯಬಹುದು. ಒಂದು ಫಲಕ ದಿನವೆಲ್ಲ ನಡೆಯಬಹುದು, ಇನ್ನೊಂದು ಏಳದೆಯೇ ಇರಬಹುದು. ಒಂದೇ ಮಾದರಿಯನ್ನು ಕಟ್ಟಿದವನಿಗೆ ಈ ದೋಷ ಎಂದೂ ಕಾಣದೆಯೇ ಹೋಗಬಹುದು. ಇಪ್ಪತ್ತೈದು ಫಲಕಗಳಿಗೆ ಖರ್ಚು ಮಾಡುವುದು ಇದಕ್ಕಾಗಿಯೇ.

ಸಂಖ್ಯೆ ಹೆಚ್ಚಿದಂತೆ ಇನ್ನೂ ಎರಡು ಸಂಗತಿಗಳು ತಲೆಯೆತ್ತುವುವು. ಮೊದಲನೆಯದು ಬಿಡಿಭಾಗಗಳ ವ್ಯತ್ಯಾಸ. 10,000 ಓಮ್ ಎಂದು ಗುರುತು ಹಾಕಿದ ರೋಧಕವು ಸರಿಯಾಗಿ ಅಷ್ಟೇ ಇರುವುದಿಲ್ಲ. ನೂರಕ್ಕೆ ಐದರ ಅಂತರವುಳ್ಳ ಜಾತಿಯದಾದರೆ ಅದು 9,500ರಿಂದ 10,500ರವರೆಗೆ ಎಷ್ಟಾದರೂ ಇರಬಹುದು. ಇಂತಹ ಎರಡು ರೋಧಕಗಳನ್ನು ಸಾಲಾಗಿ ಜೋಡಿಸಿ 3.3 ವೋಲ್ಟನ್ನು ಸರಿಪಾಲು ಮಾಡಿದೆವೆನ್ನೋಣ. ನಡುವೆ 1.65 ವೋಲ್ಟ್ ಸಿಗಬೇಕು. ಆದರೆ ಒಂದು ರೋಧಕ ತೀರ ಕಡಿಮೆಯೂ ಇನ್ನೊಂದು ತೀರ ಹೆಚ್ಚೂ ಇದ್ದಲ್ಲಿ ಅದು 1.57ಕ್ಕೆ ಇಳಿಯಬಹುದು, ಇಲ್ಲವೆ 1.73ಕ್ಕೆ ಏರಬಹುದು. ಮುಂದಿನ ವಿದ್ಯುನ್ಮಂಡಲವು 1.70 ದಾಟಿದೊಡನೆ ಬೇರೆ ರೀತಿ ವರ್ತಿಸುವಂತಿದ್ದರೆ, ಬಹುಪಾಲು ಫಲಕಗಳು ಸರಿಯಾಗಿದ್ದು ಕೆಲವು ಮಾತ್ರ ಕಾರಣ ತಿಳಿಯದಂತೆ ಕೆಡುವುವು. ಮೇಜಿನ ಮೇಲಿನ ಮಾದರಿಯನ್ನು ಎಷ್ಟು ಸಲ ಪರೀಕ್ಷಿಸಿದರೂ ಇದು ಕಾಣದು. ಕಾಗದದ ಮೇಲೆ ಹಾಕುವ ಲೆಕ್ಕದಲ್ಲಿಯೇ ಇದನ್ನು ಹಿಡಿಯಬೇಕು.

ಎರಡನೆಯದು ಬೆಸುಗೆ. ಕಾರ್ಖಾನೆಯಲ್ಲಿ ಬಹುಪಾಲು ಬೆಸುಗೆಯನ್ನು ಕೈಯಿಂದ ಮಾಡುವುದಿಲ್ಲ. ಕಿಂಡಿಗಳುಳ್ಳ ಉಕ್ಕಿನ ತಗಡನ್ನು ಫಲಕದ ಮೇಲಿಟ್ಟು, ರಂಗೋಲಿಯ ಅಚ್ಚಿನಲ್ಲಿ ಪುಡಿ ಇಳಿಸುವಂತೆ, ಬೆಸುಗೆಯ ಪೇಸ್ಟನ್ನು ಸವರುವರು. ಯಂತ್ರವೊಂದು ಬಿಡಿಭಾಗಗಳನ್ನು ಎತ್ತಿ ಎತ್ತಿ ಆ ಪೇಸ್ಟಿನ ಮೇಲೆ ಇಡುವುದು. ಅನಂತರ ಫಲಕವು ಸುರಂಗದಂತಹ ಒಲೆಯೊಳಗೆ ನಿಧಾನವಾಗಿ ಸಾಗುವುದು. ಸೀಸವಿಲ್ಲದ ಬೆಸುಗೆ ಸುಮಾರು 217 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುವುದರಿಂದ ಒಲೆಯ ಬಿಸಿಯನ್ನು ಅದಕ್ಕಿಂತ ಕೊಂಚ ಮೇಲಕ್ಕೆ ಒಯ್ದು ಮತ್ತೆ ಇಳಿಸಬೇಕು. ಹೆಚ್ಚಾದರೆ ಚಿಪ್ಪು ಕೆಡುವುದು, ಕಡಿಮೆಯಾದರೆ ಬೆಸುಗೆ ಹಿಡಿಯದು. ರಾಸ್ಪ್‌ಬೆರಿ ಪೈನ ಮುಖ್ಯ ಚಿಪ್ಪಿನ ಬೆಸುಗೆಗಳು ಅದರ ಹೊಟ್ಟೆಯ ಕೆಳಗೆ ಗುಂಡುಗಳ ರೂಪದಲ್ಲಿರುವುದರಿಂದ ಕಣ್ಣಿಗೆ ಕಾಣವು. ಇಂಥವನ್ನು ನೋಡಬೇಕಾದರೆ ಕ್ಷಕಿರಣವೇ ಬೇಕು.

ಫಲಕವೊಂದರಲ್ಲಿ 500 ಬೆಸುಗೆಗಳಿದ್ದು, ಹತ್ತು ಸಾವಿರಕ್ಕೆ ಒಂದು ಮಾತ್ರ ಕೆಡುವುದೆಂದು ಇಟ್ಟುಕೊಳ್ಳೋಣ. ಬಹಳ ಒಳ್ಳೆಯ ಕೆಲಸವೆಂದು ತೋರುವುದಲ್ಲವೆ? ಆದರೆ ಫಲಕ ಸರಿಯಾಗಿರಬೇಕಾದರೆ ಐನೂರೂ ಸರಿಯಾಗಿರಬೇಕು. 0.9999 ಎಂಬುದನ್ನು ಐನೂರು ಸಲ ಗುಣಿಸಿದರೆ ಸುಮಾರು 0.951 ಬರುವುದು. ಎಂದರೆ ನೂರಕ್ಕೆ ಐದರಷ್ಟು ಫಲಕಗಳು ಕೆಟ್ಟಿರುವುವು. ಹತ್ತು ಸಾವಿರದಲ್ಲಿ ಐನೂರಕ್ಕೆ ಹತ್ತಿರ. ಆದುದರಿಂದ ಪ್ರತಿಯೊಂದು ಫಲಕಕ್ಕೂ ಕಾರ್ಖಾನೆಯಲ್ಲಿಯೇ ವಿದ್ಯುತ್ ಕೊಟ್ಟು ಪರೀಕ್ಷಿಸಬೇಕಾಗುವುದು. ಆ ಪರೀಕ್ಷೆಗೆ ಬೇಕಾದ ಸಾಧನವನ್ನು ವಿನ್ಯಾಸ ಮಾಡುವುದೂ ಉಪಕರಣವನ್ನು ವಿನ್ಯಾಸ ಮಾಡಿದವರ ಕೆಲಸವೇ. ಹೊಸಬರು ಇದನ್ನು ಕೊನೆಯ ವಾರಕ್ಕೆ ಬಿಟ್ಟುಬಿಡುವುದು ಸಾಮಾನ್ಯ; ನಮ್ಮ ಅಭಿಪ್ರಾಯದಲ್ಲಿ ಅದನ್ನು ಮೂಲ ನಕ್ಷೆಯ ಜೊತೆಗೇ ಬರೆಯಬೇಕು.

ಕೇಂಬ್ರಿಜ್‌ನವರ ಕಥೆಗೆ ಹಿಂದಿರುಗೋಣ. 2012ರ ಫೆಬ್ರವರಿ 29ರಂದು ಮಾರಾಟ ಆರಂಭವಾಯಿತು, ಬೆಲೆ 35 ಡಾಲರು. ಮೊದಲ ಕಂತಿಗೆ ಮಾಡಿಸಿದ್ದುದು 10,000 ಫಲಕಗಳನ್ನು, ಚೀನಾದ ಕಾರ್ಖಾನೆಯಲ್ಲಿ. ಬೇಡಿಕೆಯೋ ಮೊದಲ ದಿನವೇ ಒಂದು ಲಕ್ಷದಷ್ಟು! ಕೆಲವೇ ದಿನಗಳಲ್ಲಿ, ಪರೀಕ್ಷೆಯ ವೇಳೆ, ಜಾಲದ ಕೇಬಲನ್ನು ಸಿಕ್ಕಿಸುವ ಈಥರ್‌ನೆಟ್ ಕಂಡಿಯೇ ತಪ್ಪು ಜಾತಿಯದೆಂದು ತಿಳಿದುಬಂದಿತು. ಹೊರಗಿನಿಂದ ನೋಡಿದರೆ ಎರಡು ಜಾತಿಗಳಿಗೂ ಭೇದ ಕಾಣದು. ಆದರೆ ಬೇಕಾಗಿದ್ದ ಜಾತಿಯ ಒಳಗೆ ಪುಟ್ಟ ಟ್ರಾನ್ಸ್‌ಫಾರ್ಮರುಗಳಿರುತ್ತವೆ. ಕಾರ್ಖಾನೆಯಲ್ಲಿ ಕೂರಿಸಿದ್ದ ಜಾತಿಯಲ್ಲಿ ಅವು ಇರಲಿಲ್ಲ. ಟ್ರಾನ್ಸ್‌ಫಾರ್ಮರ್ ಬದಲಾಗುವ ಪ್ರವಾಹವನ್ನು ದಾಟಿಸಿ ಸ್ಥಿರವಾದುದನ್ನು ತಡೆಯುವುದೆಂದು ಭೌತಶಾಸ್ತ್ರದ ಪಾಠದಲ್ಲಿ ಓದಿದ್ದೇವೆ. ಈಥರ್‌ನೆಟ್ಟಿನಲ್ಲಿ ಅದಕ್ಕೆ ಇದೇ ಕೆಲಸ: ಸಂಕೇತದ ಸ್ಪಂದನಗಳನ್ನು ಒಳಕ್ಕೆ ಬಿಟ್ಟು, ದೂರದ ಯಂತ್ರದ ವೋಲ್ಟೇಜಿನಿಂದ ನಮ್ಮ ಯಂತ್ರವನ್ನು ಬೇರ್ಪಡಿಸಿಡುವುದು. ಅದಿಲ್ಲದ ಕಂಡಿಯಿಂದ ಜಾಲದ ಕೆಲಸ ನಡೆಯುವುದಿಲ್ಲ. ಹಳೆಯದನ್ನು ಬಿಡಿಸಿ ಹೊಸದನ್ನು ಬೆಸೆಯುವುದು ಕಷ್ಟವಾಗಿರಲಿಲ್ಲ. ಮುಂದಿನ ಕಂತುಗಳಿಗೆ ಸಾಕಾಗುವಷ್ಟು ಸರಿಯಾದ ಕಂಡಿಗಳನ್ನು ಹೊಂದಿಸುವುದು ಹೆಚ್ಚು ಯೋಚನೆಗೆ ಕಾರಣವಾಯಿತು. ಬಿಡಿಭಾಗಗಳ ಪಟ್ಟಿಯಲ್ಲಿ ಪ್ರತಿಯೊಂದರ ಪೂರ್ಣ ಗುರುತುಸಂಖ್ಯೆಯನ್ನೂ, ಬದಲಿಗೆ ಯಾವುದು ಸಲ್ಲುವುದು ಯಾವುದು ಸಲ್ಲದು ಎಂಬುದನ್ನೂ ಬರೆಯುವ ಬೇಸರದ ಕೆಲಸಕ್ಕೆ ಎಷ್ಟು ಬೆಲೆಯೆಂಬುದು ಇದರಿಂದ ತಿಳಿಯುವುದು.

ಅಷ್ಟರಲ್ಲಿ ಇನ್ನೊಂದು ತಡೆ ಬಂದಿತು. ಐರೋಪ್ಯ ಒಕ್ಕೂಟದಲ್ಲಿ ಮಾರುವ ವಿದ್ಯುತ್ ಉಪಕರಣಗಳು 'ಸಿಇ' ಎಂಬ ಗುರುತು ಧರಿಸಿರಬೇಕು. ಇದು ಪೂರ್ಣಗೊಂಡ ಉಪಕರಣವಲ್ಲ, ಪ್ರಯೋಗಕ್ಕಾಗಿರುವ ಬರಿಯ ಫಲಕ. ಆದುದರಿಂದ ಆರಂಭದಲ್ಲಿ ಗುರುತು ಬೇಕಾಗದೆಂದು ಸಂಸ್ಥೆಯವರು ಎಣಿಸಿದ್ದರು. ವಿತರಕರು ಒಪ್ಪಲಿಲ್ಲ. ಪರೀಕ್ಷೆ ಮುಗಿಯುವವರೆಗೆ ಫಲಕಗಳು ಗ್ರಾಹಕರ ಕಡೆಗೆ ಹೊರಡಲಿಲ್ಲ.

ಈ ಪರೀಕ್ಷೆ ಏನನ್ನು ನೋಡುವುದು? ಪ್ರವಾಹವು ವೇಗವಾಗಿ ಬದಲಾಗುತ್ತಿರುವ ಪ್ರತಿಯೊಂದು ತಂತಿಯೂ ರೇಡಿಯೋ ತರಂಗಗಳನ್ನು ಹೊಮ್ಮಿಸುವುದು. ಈ ಫಲಕದ ಗಣಕ ಸೆಕೆಂಡಿಗೆ 70 ಕೋಟಿ ಸಲ ಮಿಡಿಯುತ್ತದೆ. ಆ ಆವರ್ತಾಂಕದ ತರಂಗದ ಉದ್ದ ಸುಮಾರು 43 ಸೆಂಟಿಮೀಟರ್. ಅದರ ಕಾಲುಭಾಗ 11 ಸೆಂಟಿಮೀಟರಿಗೆ ಕೊಂಚ ಕಡಿಮೆ. ಕಾಲು ತರಂಗದಷ್ಟು ಉದ್ದದ ತಂತಿ ಒಳ್ಳೆಯ ಏರಿಯಲ್ ಆಗುವುದೆಂಬುದು ಪ್ರಸಿದ್ಧವಾದುದು. ಫಲಕದ ಉದ್ದ 8.56 ಸೆಂಟಿಮೀಟರ್! ಅದಕ್ಕೆ ಸಿಕ್ಕಿಸುವ ಕೇಬಲುಗಳು ಇನ್ನೂ ಉದ್ದ. ಹೀಗಿರುವಲ್ಲಿ ಎಚ್ಚರ ತಪ್ಪಿದರೆ ಪಕ್ಕದ ಮನೆಯ ರೇಡಿಯೋ, ಟೆಲಿವಿಷನ್ನುಗಳಿಗೆ ನಮ್ಮ ಗಣಕ ಕಾಟ ಕೊಟ್ಟೀತು. ಪರೀಕ್ಷಾಕೋಣೆಯಲ್ಲಿ ಉಪಕರಣವನ್ನು ಕೆಲಸಕ್ಕೆ ಹಚ್ಚಿ, ದೂರದಲ್ಲಿಟ್ಟ ಏರಿಯಲ್ಲಿನಿಂದ ಅದರ ಸೂಸುವಿಕೆಯನ್ನು ಅಳೆಯುವರು. ರಾಸ್ಪ್‌ಬೆರಿ ಪೈ 2012ರ ಏಪ್ರಿಲ್ ಆರಂಭದಲ್ಲಿ ತೇರ್ಗಡೆಯಾಯಿತು, ಫಲಕಗಳು ಕೊಂಡವರ ಕೈ ಸೇರತೊಡಗಿದುವು. ಭಾರತದಲ್ಲಿಯೂ ಹಲವು ಬಗೆಯ ಎಲೆಕ್ಟ್ರಾನಿಕ್ ವಸ್ತುಗಳು ಸುರಕ್ಷತೆಯ ಪರೀಕ್ಷೆಗೆ ಒಳಗಾಗಿ ಭಾರತೀಯ ಮಾನಕ ಬ್ಯೂರೋದಲ್ಲಿ ನೋಂದಣಿಯಾಗಬೇಕು. ಉದ್ಯಮಕ್ಕೆ ಇಳಿಯಬಯಸುವ ವಿದ್ಯಾರ್ಥಿಗಳು ಇದಕ್ಕೆ ಬೇಕಾಗುವ ಹಣವನ್ನೂ ತಿಂಗಳುಗಳನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ, ತಯಾರಿಕೆಯ ಬಹುಭಾಗವನ್ನು ವೇಲ್ಸ್ ಪ್ರಾಂತದ ಪೆನ್‌ಕೋಯ್ಡ್ ಎಂಬಲ್ಲಿರುವ ಸೋನಿ ಕಾರ್ಖಾನೆಗೆ ಒಯ್ಯುವುದಾಗಿ ಪ್ರಕಟಿಸಿದರು. ವಿನ್ಯಾಸಕಾರರು ಬೆಳಿಗ್ಗೆ ಹೊರಟು ಅದೇ ದಿನ ಕಾರ್ಖಾನೆಯಲ್ಲಿ ನಿಂತು ನೋಡುವಷ್ಟು ಹತ್ತಿರ ಅದು. 2024ರ ಹೊತ್ತಿಗೆ ಮಾರಾಟವಾದ ಫಲಕಗಳ ಸಂಖ್ಯೆ ಆರು ಕೋಟಿ ಮೀರಿತ್ತು. ಅನೇಕವು ಇಂದು ಕಾರ್ಖಾನೆಗಳ ಯಂತ್ರಗಳೊಳಗೆ ಕುಳಿತು ದುಡಿಯುತ್ತಿವೆ.

ಹಾಗೆಂದು ತಪ್ಪುಗಳು ಮುಗಿದುವೆ? 2015ರಲ್ಲಿ 'ಪೈ 2' ಹೊರಬಂದ ಕೆಲವೇ ದಿನಗಳಲ್ಲಿ, ಹವ್ಯಾಸಿಯೊಬ್ಬರು ಅದರ ಫೋಟೋ ತೆಗೆದಾಗ ಗಣಕ ತಟ್ಟನೆ ನಿಂತುಹೋಯಿತು. ಮತ್ತೆ ತೆಗೆದರು, ಮತ್ತೆ ನಿಂತಿತು! ವಿದ್ಯುತ್ತನ್ನು ಹದಗೊಳಿಸುವ ಚಿಪ್ಪೊಂದು ಕವಚವಿಲ್ಲದ ಬರಿಯ ಸಿಲಿಕಾನ್ ತುಣುಕಾಗಿದ್ದಿತು. ಕ್ಸೆನಾನ್ ಫ್ಲಾಷಿನ ತೀವ್ರವಾದ ಬೆಳಕು ಬಿದ್ದೊಡನೆ, ಸೌರಕೋಶದಲ್ಲಿ ಆಗುವಂತೆ, ಅದರೊಳಗೆ ಎಲೆಕ್ಟ್ರಾನುಗಳು ಸಡಿಲಗೊಂಡು ಪ್ರವಾಹ ಹುಟ್ಟುತ್ತಿದ್ದಿತು. ಬೆಳಕು ತೂರದ ಅಂಟುಮುದ್ದೆಯ ಚೂರೊಂದನ್ನು ಅದರ ಮೇಲೆ ಮೆತ್ತಿದರೆ ಸಾಕಾಗಿದ್ದಿತು.

2019ರ 'ಪೈ 4'ರಲ್ಲಿ ಆದುದು ಇನ್ನೂ ಚಿಕ್ಕದು. ಅದರ ವಿದ್ಯುತ್ ಕಂಡಿ ಯುಎಸ್‌ಬಿ-ಸಿ ಜಾತಿಯದು. ಆ ಕಂಡಿಯ ಎರಡು ಕಾಲುಗಳಿಗೆ 5,100 ಓಮ್‌ನ ಒಂದೊಂದು ರೋಧಕ ಇರಬೇಕೆಂಬುದು ನಿಯಮ. ವಿನ್ಯಾಸಕಾರರು ಎರಡನ್ನೂ ಸೇರಿಸಿ ಒಂದೇ ರೋಧಕವನ್ನು ಹಾಕಿದ್ದರು. ಸಾದಾ ಕೇಬಲ್ ಬಳಸಿದಾಗ ಏನೂ ತೊಂದರೆಯಿಲ್ಲ. ಆದರೆ ಗುರುತುಚಿಪ್ಪುಳ್ಳ ದುಬಾರಿ ಕೇಬಲನ್ನು ಸಿಕ್ಕಿಸಿದರೆ, ಚಾರ್ಜರು ಇದನ್ನು ಹಾಡು ಕೇಳುವ ಸಾಧನವೆಂದು ತಪ್ಪಾಗಿ ತಿಳಿದು ವಿದ್ಯುತ್ತನ್ನೇ ಕೊಡುತ್ತಿರಲಿಲ್ಲ. ಸಂಸ್ಥೆಯವರು ಪರೀಕ್ಷೆಗೆ ಬಳಸಿದ್ದ ಕೇಬಲುಗಳಿಂದ ಈ ದೋಷ ಹೊರಬಿದ್ದಿರಲಿಲ್ಲ. ಹಳೆಯ ಫಲಕಗಳನ್ನು ಕೊಂಡವರು ಸಾದಾ ಕೇಬಲನ್ನೇ ಬಳಸಬೇಕಾಯಿತು. ಅನಂತರ ಬಂದ ಪರಿಷ್ಕೃತ ಫಲಕದಲ್ಲಿ ಎರಡು ರೋಧಕಗಳಿದ್ದುವು.