ತಿದ್ದಿದ್ದು ಯಾರು, ಯಾವಾಗ, ಏಕೆ? ವಿದ್ಯಾರ್ಥಿವೇತನ ದಾಖಲೆಗಳಲ್ಲಿ ಬದಲಾವಣೆಯ ಲೆಕ್ಕ

ವಿದ್ಯಾರ್ಥಿವೇತನದ ಅರ್ಜಿ ಟ್ರಸ್ಟ್‌ನ ಕೈಸೇರಿದ ದಿನದಿಂದ ಹಣ ವಿದ್ಯಾರ್ಥಿಯ ಖಾತೆಗೆ ಜಮೆಯಾಗುವ ದಿನದವರೆಗೆ ಅದರಲ್ಲಿನ ವಿವರಗಳು ಹಲವು ಬಾರಿ ಬದಲಾಗುತ್ತವೆ. ಮರುಮೌಲ್ಯಮಾಪನದಲ್ಲಿ ಅಂಕ ಹೆಚ್ಚಾಗುತ್ತದೆ. ತಹಶೀಲ್ದಾರರ ಕಚೇರಿಯಿಂದ ಹೊಸ ಆದಾಯ ಪ್ರಮಾಣಪತ್ರ ಬರುತ್ತದೆ. ಬಾಡಿಗೆ ಮನೆ ಬದಲಾಗುತ್ತದೆ, ಮೊಬೈಲ್ ಸಂಖ್ಯೆ ಬದಲಾಗುತ್ತದೆ. ಕೆಲವೊಮ್ಮೆ ಬ್ಯಾಂಕೇ ಬದಲಾಗುತ್ತದೆ. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೂ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೂ ಸೇರಿದವು. ಇದರಿಂದ ನಮ್ಮ ರಾಜ್ಯದ ಎಷ್ಟೋ ಕುಟುಂಬಗಳ ಪಾಸ್‌ಬುಕ್ಕಿನಲ್ಲಿದ್ದ ಐಎಫ್‌ಎಸ್‌ಸಿ ಸಂಕೇತ ಬದಲಾಯಿತು.

ಆದ್ದರಿಂದ ದಾಖಲೆಯನ್ನು ತಿದ್ದುವುದು ತಪ್ಪಲ್ಲ, ತಿದ್ದಲೇಬೇಕಾಗುತ್ತದೆ. ತಿದ್ದಿದ ಮೇಲೆ ಹಿಂದೆ ಏನಿತ್ತು ಎಂಬುದು ಯಾರಿಗೂ ಗೊತ್ತಾಗದಂತೆ ಆಗಬಾರದು, ಅಷ್ಟೆ. ಈ ಲೇಖನ ಆ ಬಗ್ಗೆ.

ಹಳೆಯ ಲೆಕ್ಕದ ಪುಸ್ತಕದ ಪಾಠ

ಜಮಾಅತ್ ಕಮಿಟಿಗಳ ಲೆಕ್ಕದ ಪುಸ್ತಕ ನೋಡಿದವರಿಗೆ ಒಂದು ಪದ್ಧತಿ ಗೊತ್ತಿರುತ್ತದೆ. ಬರೆದ ಮೊತ್ತ ತಪ್ಪಾದರೆ ಅದನ್ನು ಉಜ್ಜಿ ಅಳಿಸುವಂತಿಲ್ಲ, ಬಿಳಿ ಶಾಯಿ ಹಚ್ಚುವಂತಿಲ್ಲ. ಹಳೆಯ ಅಂಕಿ ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದ ಮೊತ್ತ ಬರೆದು, ತಾರೀಖು ಹಾಕಿ ಸಹಿ ಮಾಡಬೇಕು. ಲೆಕ್ಕ ಪರಿಶೋಧಕರು ಬಂದಾಗ ಅವರ ಕಣ್ಣು ಮೊದಲು ಹೋಗುವುದು ಇಂತಹ ಸಾಲುಗಳ ಕಡೆಗೇ.

ವ್ಯವಹಾರವನ್ನು ಬರೆದಿಡುವುದು ನಮಗೆ ಬರೀ ಕಚೇರಿ ಶಿಸ್ತಲ್ಲ. ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ವಚನವಾದ ಅಲ್ ಬಕರಃ ಅಧ್ಯಾಯದ 282ನೇ ವಚನದ ವಿಷಯವೇ ಸಾಲದ ವ್ಯವಹಾರವನ್ನು ಬರೆದಿಡುವುದು. ಮೊತ್ತ ಚಿಕ್ಕದಿರಲಿ ದೊಡ್ಡದಿರಲಿ ಬರೆಯಲು ಉದಾಸೀನ ಮಾಡಬಾರದು, ಬರೆಯುವವನು ನ್ಯಾಯವಾಗಿ ಬರೆಯಬೇಕು, ಸಾಕ್ಷಿಗಳಿರಬೇಕು ಎಂಬುದು ಅದರ ನಿರ್ದೇಶನ. ದಾನಿಗಳು ಒಪ್ಪಿಸಿದ ಹಣವೂ ಕುಟುಂಬಗಳು ನಂಬಿ ಕೊಟ್ಟ ಮಾಹಿತಿಯೂ ಅಮಾನತ್ ಆಗಿರುವಾಗ ಅದೇ ಎಚ್ಚರ ಇಲ್ಲಿಯೂ ಬೇಕು.

ಆ್ಯಪ್‌ನಲ್ಲಿ ಏನಾಗುತ್ತದೆ?

ಇಂದು ಅನೇಕ ಸಂಸ್ಥೆಗಳು ಅರ್ಜಿಗಳನ್ನು ಲೋ-ಕೋಡ್ ಆ್ಯಪ್‌ಗಳಲ್ಲಿ ಇಡುತ್ತವೆ. ಅಂದರೆ ಪ್ರೋಗ್ರಾಂ ಬರೆಯುವ ಪರಿಣತರಿಲ್ಲದೆ, ಸಿದ್ಧ ಭಾಗಗಳನ್ನು ಜೋಡಿಸಿ ಮಾಡಿಕೊಳ್ಳುವ ಆ್ಯಪ್. ಗೂಗಲ್‌ನ ಆ್ಯಪ್‌ಶೀಟ್, ಮೈಕ್ರೋಸಾಫ್ಟ್‌ನ ಪವರ್ ಆ್ಯಪ್ಸ್, ಝೋಹೋ ಕ್ರಿಯೇಟರ್ ಇಂತಹವು. ಮೊಬೈಲ್‌ನಲ್ಲಿ ಚೆಂದದ ಫಾರ್ಮ್ ಕಂಡರೂ ಅದರ ಹಿಂದೆ ಇರುವುದು ಒಂದು ಕೋಷ್ಟಕ. ಪ್ರತಿ ಅರ್ಜಿಗೆ ಒಂದು ಸಾಲು, ಪ್ರತಿ ವಿವರಕ್ಕೆ ಒಂದು ಕಾಲಂ. ಸ್ವಯಂಸೇವಕರು ಒಂದು ವಿವರವನ್ನು ತಿದ್ದಿ ‘ಸೇವ್’ ಒತ್ತಿದ ಕೂಡಲೇ ಹೊಸದು ಹಳೆಯದರ ಜಾಗದಲ್ಲಿ ಕೂರುತ್ತದೆ. ಬೇರೆ ಏರ್ಪಾಡು ಮಾಡದಿದ್ದರೆ ಹಳೆಯದು ಆ ಸಾಲಿನಲ್ಲಿ ಉಳಿಯುವುದಿಲ್ಲ. ಗೆರೆಯೂ ಇಲ್ಲ, ಸಹಿಯೂ ಇಲ್ಲ.

ಇದರ ಪರಿಣಾಮ ತಿಳಿಯಲು ಒಂದು ಉದಾಹರಣೆ ತೆಗೆದುಕೊಳ್ಳೋಣ. ಆದಾಯದ ಮಿತಿ 2 ಲಕ್ಷ ರೂಪಾಯಿ ಇರುವ ಒಂದು ಯೋಜನೆಗೆ ಪಿಯುಸಿ ವಿದ್ಯಾರ್ಥಿನಿಯೊಬ್ಬಳು ಅರ್ಜಿ ಹಾಕಿದ್ದಾಳೆ. ಜೂನ್‌ನಲ್ಲಿ ಆಕೆಯ ತಂದೆಯ ವಾರ್ಷಿಕ ಆದಾಯ 1,80,000 ಎಂದಿತ್ತು. ಆಗಸ್ಟ್‌ನಲ್ಲಿ ಸಮಿತಿ ಪಟ್ಟಿ ನೋಡುವಾಗ 2,80,000 ಎಂದಿದೆ. ಅರ್ಜಿ ತಿರಸ್ಕೃತವಾಗುತ್ತದೆ. ತಾಯಿ ಬಂದು ಕಾರಣ ಕೇಳಿದರೆ ಯಾರ ಬಳಿಯೂ ಉತ್ತರವಿಲ್ಲ. ಹೊಸ ಪ್ರಮಾಣಪತ್ರ ಬಂದಿತ್ತೇ? ಅಣ್ಣನ ಸಂಬಳವನ್ನು ಸೇರಿಸಿದರೇ? ಅಥವಾ 1ರ ಬದಲು 2 ಒತ್ತಿದ್ದೇ? ಒಂದು ಅಂಕಿಯಿಂದ ಒಬ್ಬಳ ಕಾಲೇಜು ಶುಲ್ಕ ನಿಂತುಹೋಯಿತು, ಆದರೆ ನಡೆದದ್ದೇನೆಂದು ಪರೀಕ್ಷಿಸುವ ದಾರಿಯೇ ಇಲ್ಲ.

ಇದರ ಇನ್ನೊಂದು ಮುಖ ದಾನಿಗಳಿಗೆ ಸಂಬಂಧಿಸಿದ್ದು. ಝಕಾತ್ ಯಾರಿಗೆ ಸಲ್ಲಬೇಕು ಎಂಬುದನ್ನು ಅತ್ತೌಬಾ ಅಧ್ಯಾಯದ 60ನೇ ವಚನ ಎಂಟು ವರ್ಗಗಳಾಗಿ ನಿಗದಿಪಡಿಸಿದೆ. ಒಂದು ಅರ್ಜಿಯನ್ನು ಝಕಾತ್ ನಿಧಿಯಿಂದ ಸಾಮಾನ್ಯ ದೇಣಿಗೆಯ ನಿಧಿಗೆ, ಅಥವಾ ಅಲ್ಲಿಂದ ಇಲ್ಲಿಗೆ ವರ್ಗಾಯಿಸಿದರೆ ಅದರ ಕಾರಣ ದಾಖಲೆಯಲ್ಲಿರಬೇಕು. ವರ್ಷದ ಕೊನೆಗೆ ಮೊತ್ತ ತಾಳೆಯಾದರೆ ಸಾಲದು, ಹಣ ಸರಿಯಾದ ದಾರಿಯಲ್ಲಿ ಹೋಗಿದೆಯೇ ಎಂಬುದೂ ಕಾಣಬೇಕು.

ಬದಲಾವಣೆಯ ಸಾಲಿನಲ್ಲಿ ಇರಬೇಕಾದ್ದು

ಮೂಲ ಕೋಷ್ಟಕದ ಜೊತೆ ಬದಲಾವಣೆಗಳಿಗೆಂದೇ ಇನ್ನೊಂದು ಕೋಷ್ಟಕ ಇಡಬೇಕು. ಪ್ರತಿ ತಿದ್ದುಪಡಿಗೂ ಅಲ್ಲಿ ಹೊಸ ಸಾಲು ಸೇರುತ್ತದೆ. ಆ ಸಾಲು ಐದು ಪ್ರಶ್ನೆಗಳಿಗೆ ಉತ್ತರಿಸಬೇಕು.

1. ಯಾವ ಅರ್ಜಿಯ ಯಾವ ವಿವರ?
2. ಮೊದಲು ಏನಿತ್ತು, ಈಗ ಏನಾಗಿದೆ?
3. ಬದಲಿಸಿದವರು ಯಾರು?
4. ಯಾವ ದಿನ, ಎಷ್ಟು ಗಂಟೆಗೆ?
5. ಏಕೆ, ಯಾವ ಕಾಗದದ ಆಧಾರದ ಮೇಲೆ?

ಮೊದಲ ನಾಲ್ಕನ್ನು ಆ್ಯಪ್ ತಾನಾಗಿಯೇ ಬರೆದುಕೊಳ್ಳಬಲ್ಲದು. ಐದನೆಯದನ್ನು ಯಾವ ಆ್ಯಪ್ ಕೂಡ ಊಹಿಸಲಾರದು, ಅದನ್ನು ಮನುಷ್ಯರೇ ಬರೆಯಬೇಕು. ಹಾಗಾಗಿ ಆದಾಯ, ಅಂಕ, ಬ್ಯಾಂಕ್ ಖಾತೆ, ನಿಧಿಯ ವರ್ಗ, ಅರ್ಜಿಯ ಸ್ಥಿತಿ ಇವನ್ನು ಬದಲಿಸುವಾಗ ಕಾರಣ ಬರೆಯದೆ ‘ಸೇವ್’ ಆಗದಂತೆ ಫಾರ್ಮ್ ರೂಪಿಸಬೇಕು. ‘ಸರಿಪಡಿಸಿದೆ’ ಎಂಬ ಒಂದು ಪದ ಕಾರಣವಾಗದು. ‘ಹೊಸ ಆದಾಯ ಪ್ರಮಾಣಪತ್ರ ನೋಡಿ ತಿದ್ದಲಾಗಿದೆ, ಪ್ರತಿಯನ್ನು ಕಡತಕ್ಕೆ ಸೇರಿಸಿದೆ’ ಎಂಬುದು ಕಾರಣ. ಮೇಲಿನ ಉದಾಹರಣೆಯ ತಾಯಿಗೆ ಬೇಕಿದ್ದುದು ಈ ಒಂದು ವಾಕ್ಯ.

ಮಾಡುವ ದಾರಿಗಳು

ಕೆಲವು ವ್ಯವಸ್ಥೆಗಳಲ್ಲಿ ಈ ಸೌಲಭ್ಯ ಮೊದಲೇ ಇರುತ್ತದೆ. ಶೇರ್‌ಪಾಯಿಂಟ್ ಪಟ್ಟಿಯಲ್ಲಿ ಪ್ರತಿ ಸಾಲಿನ ಹಿಂದಿನ ಆವೃತ್ತಿಗಳನ್ನು ನೋಡಬಹುದು. ಆದರೆ ಎಷ್ಟು ಆವೃತ್ತಿ ಉಳಿಯಬೇಕು ಎಂಬುದಕ್ಕೆ ಮಿತಿಯಿದ್ದು, ಅದು ಮೀರಿದರೆ ಹಳೆಯವು ಹೋಗುತ್ತವೆ. ಪವರ್ ಆ್ಯಪ್ಸ್ ಬಳಸುವ ಡೇಟಾವರ್ಸ್‌ನಲ್ಲಿ ಆಡಿಟ್ ಸೌಲಭ್ಯವಿದೆ. ಅದನ್ನು ಇಡೀ ವ್ಯವಸ್ಥೆಗೂ, ಬೇಕಾದ ಕೋಷ್ಟಕಕ್ಕೂ ಆನ್ ಮಾಡಬೇಕು. ಆನ್ ಮಾಡುವ ಮೊದಲು ನಡೆದ ಬದಲಾವಣೆಗಳು ಸಿಗುವುದಿಲ್ಲ. ಆದ್ದರಿಂದ ಮೊದಲ ಅರ್ಜಿ ದಾಖಲಾಗುವ ಮುನ್ನವೇ ಈ ಕೆಲಸ ಮುಗಿಸಬೇಕು.

ಆ್ಯಪ್‌ಶೀಟ್‌ನಲ್ಲಿ ಬದಲಾವಣೆಯ ಕೋಷ್ಟಕವನ್ನು ನಾವೇ ಮಾಡಿಕೊಳ್ಳಬಹುದು. ಒಂದು ಸಾಲು ತಿದ್ದಲ್ಪಟ್ಟಾಗ ಅದರ ಮೊದಲಿನ ಮತ್ತು ನಂತರದ ವಿವರಗಳೆರಡನ್ನೂ ಅದರ ಸ್ವಯಂಚಾಲಿತ ‘ಬಾಟ್’ ಓದಬಲ್ಲದು, ಓದಿ ಇನ್ನೊಂದು ಕೋಷ್ಟಕಕ್ಕೆ ಸೇರಿಸಬಲ್ಲದು.

ಯಾವ ದಾರಿ ಹಿಡಿದರೂ ಕೆಲವು ಕಡೆ ಎಚ್ಚರ ಬೇಕು.

ಹಿಂಬಾಗಿಲು: ಆ್ಯಪ್‌ಶೀಟ್‌ನ ಹಿಂದಿರುವ ಗೂಗಲ್ ಶೀಟನ್ನು ಯಾರಾದರೂ ನೇರವಾಗಿ ತೆರೆದು ತಿದ್ದಿದರೆ ಬಾಟ್‌ಗೆ ಅದು ಸಾಮಾನ್ಯವಾಗಿ ತಿಳಿಯುವುದಿಲ್ಲ. ಆದ್ದರಿಂದ ಶೀಟನ್ನು ನೇರವಾಗಿ ತಿದ್ದುವ ಅಧಿಕಾರ ಸ್ವಯಂಸೇವಕರಿಗೆ ಇರಬಾರದು.

ಹೆಸರು: ಶೀಟಿನ ಸ್ವಂತ ಇತಿಹಾಸದಲ್ಲಿ, ಆ್ಯಪ್ ಮೂಲಕ ಮಾಡಿದ ಬದಲಾವಣೆಗಳಿಗೆ ಸಾಮಾನ್ಯವಾಗಿ ಆ್ಯಪ್ ಮಾಲೀಕರ ಹೆಸರೇ ಬೀಳುತ್ತದೆ. ನಿಜವಾಗಿ ತಿದ್ದಿದವರ ಇಮೇಲನ್ನು ಬೇರೆಯಾಗಿ ಬರೆದುಕೊಳ್ಳಬೇಕು. ನಾಲ್ಕು ಜನ ಒಂದೇ ಲಾಗಿನ್ ಬಳಸಿದರೆ ಅದಕ್ಕೂ ಬೆಲೆಯಿಲ್ಲ.

ಸಮಯ: ಅನೇಕ ವ್ಯವಸ್ಥೆಗಳು ಒಳಗೆ ಅಂತರರಾಷ್ಟ್ರೀಯ ಸಮಯವನ್ನು ಇಡುತ್ತವೆ. ಅದು ನಮ್ಮ ಸಮಯಕ್ಕಿಂತ 5 ಗಂಟೆ 30 ನಿಮಿಷ ಹಿಂದೆ. ಕೊನೆಯ ದಿನಾಂಕ ಕಳೆದು ಮರುದಿನ ಬೆಳಗಿನ 4 ಗಂಟೆಗೆ ಮಾಡಿದ ತಿದ್ದುಪಡಿ ಹಿಂದಿನ ರಾತ್ರಿ 10.30ರದ್ದೆಂದು ಕಂಡೀತು.

ಅಧಿಕಾರ: ಬದಲಾವಣೆಯ ಕೋಷ್ಟಕಕ್ಕೆ ಸಾಲು ಸೇರಿಸಲು ಮಾತ್ರ ಅವಕಾಶವಿರಬೇಕು. ತಿದ್ದಲು, ಅಳಿಸಲು ಬರುವ ಇತಿಹಾಸ ಇತಿಹಾಸವೇ ಅಲ್ಲ. ಅರ್ಜಿಯನ್ನೂ ಅಳಿಸಬಾರದು, ‘ಹಿಂಪಡೆಯಲಾಗಿದೆ’ ಎಂದು ಗುರುತು ಹಾಕಿದರೆ ಸಾಕು.

ತೀರ್ಮಾನದ ದಿನ: ಸಮಿತಿ ಮಂಜೂರು ಅಥವಾ ತಿರಸ್ಕಾರ ಮಾಡಿದ ದಿನ ಅದರ ಮುಂದಿದ್ದ ಆದಾಯ, ಅಂಕ, ನಿಧಿಯ ವರ್ಗವನ್ನು ತೀರ್ಮಾನದ ಸಾಲಿನಲ್ಲೇ ನಕಲು ಮಾಡಿಡಬೇಕು. ಮುಂದೆ ಆ ವಿವರಗಳು ಬದಲಾದರೂ, ಅಂದು ಏನನ್ನು ನೋಡಿ ತೀರ್ಮಾನಿಸಿದರು ಎಂಬುದು ಉಳಿಯುತ್ತದೆ.

ಕಾನೂನು ಮತ್ತು ಗೌಪ್ಯತೆ

2023ರ ಏಪ್ರಿಲ್ 1ರಿಂದ ಭಾರತದ ಕಂಪನಿಗಳು ಬಳಸುವ ಲೆಕ್ಕಪತ್ರ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯೂ ದಿನಾಂಕ ಸಹಿತ ದಾಖಲಾಗಬೇಕು, ಆ ಸೌಲಭ್ಯವನ್ನು ನಿಲ್ಲಿಸಲು ಬರಬಾರದು ಎಂಬ ನಿಯಮವಿದೆ. ಟ್ರಸ್ಟ್ ಕಂಪನಿಯಲ್ಲವಾದ್ದರಿಂದ ಆ ನಿಯಮ ಟ್ರಸ್ಟ್‌ಗೆ ಅನ್ವಯಿಸುವುದಿಲ್ಲ. ಆದರೆ ವ್ಯಾಪಾರದ ಹಣಕ್ಕೆ ಇಷ್ಟು ಕಾವಲು ಇರುವಾಗ ಝಕಾತ್ ಮತ್ತು ಸದಕಾದ ಹಣಕ್ಕೆ ಅದಕ್ಕಿಂತ ಕಡಿಮೆ ಕಾವಲು ಸಲ್ಲದು.

ಇತಿಹಾಸ ಇಡುವುದೆಂದರೆ ಎಲ್ಲವನ್ನೂ ಕೂಡಿಡುವುದಲ್ಲ. ಹಳೆಯ ಖಾತೆ ಸಂಖ್ಯೆ, ಆಧಾರ್ ಸಂಖ್ಯೆ ಬದಲಾವಣೆಯ ಕೋಷ್ಟಕದಲ್ಲಿ ಪೂರ್ತಿಯಾಗಿ ಉಳಿದರೆ ಕುಟುಂಬಕ್ಕೆ ಅದೇ ಅಪಾಯ. ಕೊನೆಯ ನಾಲ್ಕು ಅಂಕಿ ಸಾಕು. ಮನೆಯ ಕಷ್ಟವನ್ನು ವಿವರಿಸಿದ ಮಾತುಗಳನ್ನು ನೋಡಲು ಎಲ್ಲ ಸ್ವಯಂಸೇವಕರಿಗೂ ಅವಕಾಶ ಬೇಕಿಲ್ಲ. ಸಂಸತ್ತು 2023ರಲ್ಲಿ ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ತಮ್ಮ ಮಾಹಿತಿಯನ್ನು ಸರಿಪಡಿಸಿಕೊಳ್ಳುವ ಹಕ್ಕನ್ನು ಗುರುತಿಸುತ್ತದೆ, 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಕೇಳುತ್ತದೆ. ಇತರರ ಮಾನ ಕಾಯುವುದು ನಮಗೆ ಕಾನೂನಿಗಿಂತ ಹಿಂದಿನಿಂದ ಬಂದ ಕರ್ತವ್ಯ.

ಪೋಷಕರು ಮತ್ತು ವಿದ್ಯಾರ್ಥಿಗಳ ಗಮನಕ್ಕೆ

ಅರ್ಜಿ ಸಲ್ಲಿಸಿದ ಮೇಲೆ ಸ್ವೀಕೃತಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ತುಂಬಿದ ಅರ್ಜಿಯ ಒಂದು ಪ್ರತಿ ಮನೆಯಲ್ಲಿರಲಿ. ಆದಾಯ, ಅಂಕ, ಖಾತೆ ಯಾವುದೇ ಬದಲಾದರೂ ಫೋನಿನಲ್ಲಿ ಹೇಳಿ ಬಿಡದೆ, ಸ್ವೀಕೃತಿ ಸಂಖ್ಯೆ ನಮೂದಿಸಿ ಕಾಗದದ ಪ್ರತಿಯೊಂದಿಗೆ ಬರವಣಿಗೆಯಲ್ಲಿ ತಿಳಿಸಿ. ಬ್ಯಾಂಕ್ ವಿಲೀನವಾಗಿದ್ದರೆ ಹೊಸ ಪಾಸ್‌ಬುಕ್ಕಿನ ಮೊದಲ ಪುಟವನ್ನೇ ಕೊಡಿ. ನಿಮ್ಮ ಅರ್ಜಿಯಲ್ಲಿ ಏನು ಬದಲಾಗಿದೆ, ಯಾವಾಗ, ಏಕೆ ಎಂದು ಕೇಳಲು ಸಂಕೋಚಪಡಬೇಡಿ. ಅದು ಅನುಮಾನವಲ್ಲ, ನಿಮ್ಮ ಹಕ್ಕು.

ದಾನಿಗಳು ಕೂಡ ವಾರ್ಷಿಕ ಸಭೆಯಲ್ಲಿ ಮೊತ್ತಗಳ ಜೊತೆಗೆ ಇದನ್ನೂ ಕೇಳಬೇಕು: ಈ ವರ್ಷ ಝಕಾತ್ ನಿಧಿಯ ವರ್ಗ ಬದಲಾದ ಅರ್ಜಿಗಳು ಎಷ್ಟು, ಪ್ರತಿಯೊಂದಕ್ಕೂ ಕಾರಣ ಬರೆದಿದೆಯೇ? ಉತ್ತರ ಕೊಡಲು ದಾಖಲೆಯಿದ್ದರೆ ಪ್ರಾಮಾಣಿಕವಾಗಿ ದುಡಿದ ಸ್ವಯಂಸೇವಕರಿಗೂ ಅದೇ ರಕ್ಷಣೆ. ಯಾರ ಮೇಲೂ ಸುಮ್ಮನೆ ಅನುಮಾನ ಬೀಳುವುದಿಲ್ಲ, ಯಾವ ಮಗುವಿನ ಅರ್ಜಿಯೂ ಕಾರಣವಿಲ್ಲದೆ ಕೈಬಿಟ್ಟುಹೋಗುವುದಿಲ್ಲ, ಇನ್‌ಶಾ ಅಲ್ಲಾಹ್.